ಸೂರಿನಡಿಯ ಬಾವಲಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ, ಅಂಗಡಿ, ಕೊಟ್ಟಿಗೆಗಳಲ್ಲಿ ಸೇರಿಕೊಂಡ ಬಾವಲಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಹಳೆಯ ಹಂಚಿನ ಮನೆ. ಅಟ್ಟದ ಮೇಲೆ, ಮಾಡಿನ ಸಂದಿಯಲ್ಲಿ ಸಣ್ಣ ಬಾವಲಿಗಳು ಸೇರಿಕೊಂಡಿವೆ. ಬೆಳಿಗ್ಗೆ ಎದ್ದರೆ ಜಗಲಿ ತುಂಬ ಹಿಕ್ಕೆ. ನುಸಿಗುಳಿಗೆ ಇಟ್ಟೆವು, ಹೊಗೆ ಹಾಕಿದೆವು. ನಾಲ್ಕು ದಿನ ಕಾಣಿಸದೆ ಮತ್ತೆ ಬಂದವು. ಕೊಲ್ಲದೆ ಕಳಿಸುವ ದಾರಿ ಇದೆಯೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಇದೆ. ಬಾವಲಿ ದಿನಾ ಸಂಜೆ ಊಟ ಹುಡುಕಿಕೊಂಡು ತಾನಾಗಿಯೇ ಹೊರಗೆ ಹೋಗುತ್ತದೆ. ಹೋದದ್ದು ಮರಳಿ ಒಳಗೆ ಬಾರದಂತೆ ಬಾಗಿಲು ಹಾಕಿದರೆ ಮುಗಿಯಿತು. ಹೊಗೆ, ಗುಳಿಗೆ, ಪಟಾಕಿ ಎಲ್ಲವೂ ಸೋಲುವುದು ಆ ಬಾಗಿಲು ತೆರೆದೇ ಇರುವುದರಿಂದ. ನುಸಿಗುಳಿಗೆಯ ವಾಸನೆ ಅಟ್ಟದಂಥ ದೊಡ್ಡ ಜಾಗದಲ್ಲಿ ಬಾವಲಿಗೆ ತಟ್ಟಬೇಕಾದರೆ ಕಿಲೋಗಟ್ಟಲೆ ಸುರಿಯಬೇಕು. ಅಷ್ಟು ಸುರಿದರೆ ಕೆಳಗೆ ಮಲಗುವ ಮಕ್ಕಳ ಆರೋಗ್ಯ ಕೆಡುತ್ತದೆ. ಹಗಲು ಹೊಗೆ ಹಾಕಿದರೆ ಬಾವಲಿಗಳು ಬೆಳಕಿನಲ್ಲಿ ಹೊರಬಿದ್ದು ಕಾಗೆ, ಬಿಜ್ಜುಗಳ ಬಾಯಿಗೆ ಬೀಳುತ್ತವೆ. ಹಾರಲಾರದ ಮರಿಗಳು ಒಳಗೇ ಸಾಯುತ್ತವೆ. ಒಣಗಿದ ಪಕ್ಕಾಸು, ರೀಪುಗಳ ಕೆಳಗೆ ಬೆಂಕಿ ಇಡುವುದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಅದು ಬಾವಲಿಯೇ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಒಣ ಹಿಕ್ಕೆಯೊಂದನ್ನು ಕಾಗದದ ಮೇಲಿಟ್ಟು, ಇನ್ನೊಂದು ಕಾಗದ ಮುಚ್ಚಿ ಬೆರಳಿನಿಂದ ಒತ್ತಿ. ಬಾವಲಿಯದಾದರೆ ಅದು ಪುಡಿಪುಡಿಯಾಗುತ್ತದೆ; ಪುಡಿಯಲ್ಲಿ ಹುಳುಗಳ ರೆಕ್ಕೆ, ಚಿಪ್ಪಿನ ಚೂರುಗಳು ಮಿಣಮಿಣ ಹೊಳೆಯುತ್ತವೆ. ಇಲಿಯ ಹಿಕ್ಕೆ ಗಟ್ಟಿ, ಹಾಗೆ ಉದುರದು. ಹಲ್ಲಿಯದಕ್ಕೆ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ. ನಿಮ್ಮ ಅಟ್ಟದಲ್ಲಿರುವುದು ಬಹುಶಃ ಪಿಪಿಸ್ಟ್ರೆಲ್ ಜಾತಿಯ ಕೀಟಾಹಾರಿಗಳು. ನಾಲ್ಕೈದು ಗ್ರಾಂ ತೂಗುವ, ಹೆಬ್ಬೆರಳಿನಷ್ಟೇ ಮೈಯ ಪ್ರಾಣಿಗಳಿವು. ಹೊಟ್ಟೆ ಹಳದಿಯಾಗಿದ್ದು ಮೈ ಇದಕ್ಕಿಂತ ದೊಡ್ಡದಿದ್ದರೆ ಹಳದಿ ಮನೆಬಾವಲಿ. ಎರಡಕ್ಕೂ ಉಪಾಯ ಒಂದೇ.

ಕೆಲಸಕ್ಕೆ ಕೈಹಾಕುವ ಕಾಲ ಮುಖ್ಯ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ, ಏಪ್ರಿಲ್–ಮೇನಲ್ಲಿ ಹಂಚು ತೆಗೆದು ತಿರುಗಿ ಹೊದಿಸುವ ರೂಢಿ. ಸಂದಿಗಳನ್ನೂ ಆಗಲೇ ಮುಚ್ಚಿಬಿಡೋಣ ಅನ್ನಿಸುವುದು ಸಹಜ. ಆದರೆ ಬೇಸಿಗೆಯಿಂದ ಮಳೆಗಾಲದವರೆಗೆ ಮಾಡಿನಲ್ಲಿ ಮರಿಗಳಿರುವ ಸಂಭವ ಹೆಚ್ಚು. ತಾಯಿಗಳು ಹೊರಗಿದ್ದಾಗ ಸಂದಿ ಮುಚ್ಚಿದರೆ ಮರಿಗಳು ಹಸಿವಿನಿಂದ ಸತ್ತು ಕೊಳೆಯುತ್ತವೆ, ತಾಯಿಗಳು ಸಿಕ್ಕ ಬಿರುಕಿನಲ್ಲೆಲ್ಲ ತೂರಿ ಕೋಣೆಗೇ ಬರುತ್ತವೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚುವ ಕೆಲಸ ಬೇಡ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಒಳ್ಳೆಯ ಕಾಲ: ಹಂಚು ಒಣಗಿರುತ್ತದೆ, ಹಾವಸೆ ಜಾರುವುದಿಲ್ಲ, ಮಳೆಯ ಕಾಟವಿಲ್ಲ. ಆದರೂ ಸಣ್ಣ ಬಾವಲಿಗಳು ಪಂಚಾಂಗ ನೋಡಿ ಮರಿ ಹಾಕುವುದಿಲ್ಲ. ಹಾಗಾಗಿ ತಾಯಿಗಳು ಹೊರಗೆ ಹೋದ ಒಂದು ಗಂಟೆಯ ಮೇಲೆ ಅಟ್ಟ ಹತ್ತಿ, ಟಾರ್ಚಿಗೆ ಕೆಂಪು ಪಾರದರ್ಶಕ ಕಾಗದ ಸುತ್ತಿ ನೋಡಿ. ಗುಲಾಬಿ ಬಣ್ಣದ, ಕೂದಲಿಲ್ಲದ ಮರಿಗಳು ಗುಂಪುಗೂಡಿದ್ದರೆ, ಅಥವಾ ಚಿಂವ್‌ಚಿಂವ್ ಸದ್ದು ಕೇಳಿದರೆ ಒಂದೂವರೆ ತಿಂಗಳು ತಡೆಯಿರಿ. ಅಷ್ಟರಲ್ಲಿ ಮರಿಗಳೂ ಹಾರುತ್ತವೆ.

ಮುಂದಿನದು ಹೋಗಿಬರುವ ದಾರಿ ಪತ್ತೆ ಮಾಡುವುದು. ಡಿಸೆಂಬರ್‌ನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹದಿನೈದರಿಂದ ನಲವತ್ತು ನಿಮಿಷದೊಳಗೆ ಬಾವಲಿಗಳು ಹೊರಡುತ್ತವೆ. ಮನೆಯ ಎದುರುಬದುರು ಮೂಲೆಗಳಲ್ಲಿ ಇಬ್ಬರು ನಿಂತು, ಸೂರಿನ ಅಂಚು ಆಕಾಶಕ್ಕೆ ಎದುರಾಗಿ ಕಾಣುವಂತೆ ಗಮನಿಸಿ. ಟಾರ್ಚ್ ಹಾಕಬೇಡಿ, ಹಾಕಿದರೆ ಹೊರಡುವುದೇ ತಡವಾಗುತ್ತದೆ. ಯಾವ ಸಂದಿಯಿಂದ ಎಷ್ಟು ಹೋದವು ಎಂದು ಚೀಟಿಯಲ್ಲಿ ಬರೆದಿಡಿ. ಹೀಗೆ ಎರಡು ಮೂರು ಸಂಜೆ ನೋಡಿದರೆ ಸಾಕು. ಹಗಲಿನಲ್ಲೂ ಗುರುತು ಸಿಗುತ್ತದೆ: ಮೈಯ ಜಿಡ್ಡು ಒರೆಸಿ ಸಂದಿಯ ಅಂಚು ಕಂದುಗಟ್ಟಿರುತ್ತದೆ, ಅದರ ಕೆಳಗಿನ ಗೋಡೆಯ ಮೇಲೆ ಹಿಕ್ಕೆ ಅಂಟಿರುತ್ತದೆ.

ಹಂಚಿನ ಮನೆಯ ಕಷ್ಟವೇನೆಂದರೆ, ದೊಡ್ಡ ಸಂದಿ ನಾಲ್ಕಾದರೆ ಸಣ್ಣವು ನಲವತ್ತು. ಗೋಡೆಯ ತಲೆಗೂ ಹಂಚಿಗೂ ನಡುವಿನ ತೆರಪು, ನೆತ್ತಿಯ ಹಂಚಿನ ಅಡಿ ಗಾರೆ ಉದುರಿದ ಜಾಗ, ಒಡೆದ ಹಂಚು, ಬಾಗಿದ ರೀಪಿನಿಂದ ಮೇಲೆದ್ದ ಸಾಲು. ಸಣ್ಣ ಪಿಪಿಸ್ಟ್ರೆಲ್‌ಗೆ ಒಂದು ಸೆಂಟಿಮೀಟರ್ ಸಂದಿ ಸಾಕು. ಆದ್ದರಿಂದ ಬಾವಲಿಗಳು ಬಳಸದ ಸಂದಿಗಳನ್ನು ಮೊದಲು ಮುಚ್ಚಿ. ಗೋಡೆಯ ತಲೆಯ ಉದ್ದನೆಯ ತೆರಪಿಗೆ ಕಾಲಿಂಚು ಕಣ್ಣಿನ ಜಿ.ಐ. ಜಾಲರಿ ಹೊಡೆಯಿರಿ. ಅಲ್ಲಿ ಗಾರೆ ತುಂಬಿ ಪೂರ್ತಿ ಮುಚ್ಚಿದರೆ ಮಾಡಿನ ಗಾಳಿಯಾಟ ನಿಂತು ಮರ ಬೂಸ್ಟು ಹಿಡಿಯುತ್ತದೆ. ನೆತ್ತಿಯ ಹಂಚಿನ ಕೆಳಗೆ ಒಂದಕ್ಕೆ ಆರು ಸಿಮೆಂಟು–ಮರಳಿನ ಗಾರೆ. ಮರದ ಸೀಳಿಗೆ ತೆಳ್ಳನೆಯ ಪಟ್ಟಿ. ಗುಂಡಿಯಂಥ ತೂತಿಗೆ ತೆಂಗಿನ ನಾರು ಒತ್ತಿ ಮೇಲೆ ಗಾರೆ ಬಳಿದರಾಯಿತು. ಬಾವಲಿ ಇಲಿಯಂತೆ ಕಡಿದು ತೂತು ಮಾಡುವುದಿಲ್ಲ, ಆದ್ದರಿಂದ ಕಬ್ಬಿಣವೇ ಆಗಬೇಕೆಂದಿಲ್ಲ. ಅದೇ ಸಂದಿಯಲ್ಲಿ ಇಲಿಯೂ ಓಡಾಡುತ್ತಿದ್ದರೆ ಮಾತ್ರ ಜಾಲರಿಯನ್ನು ಬಿಟ್ಟು ಬೇರೆ ದಾರಿಯಿಲ್ಲ. ಡಬ್ಬಿಯಿಂದ ಊದುವ ಫೋಮ್ ಬೇಡ: ಹಸಿಯಿದ್ದಾಗ ಬಾವಲಿಯ ಮೈಗೆ ಅಂಟುತ್ತದೆ, ಬಿಸಿಲು ತಾಗುವಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಉಳಿದದ್ದು ಬಾವಲಿಗಳು ನಿಜವಾಗಿ ಹೋಗಿಬರುವ ಒಂದೆರಡು ಸಂದಿ. ಅಲ್ಲಿಗೆ ಒಂದೇ ಕಡೆಗೆ ತೆರೆಯುವ ಪರದೆ ಕಟ್ಟಬೇಕು. ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಸೊಳ್ಳೆಜಾಲರಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಸಂದಿಗಿಂತ ಎರಡು ಪಕ್ಕಕ್ಕೂ ಒಂದು ಗೇಣು ಹೆಚ್ಚು ಅಗಲ, ಸಂದಿಯ ಕೆಳತುಟಿಯಿಂದ ಒಂದೂವರೆ–ಎರಡು ಅಡಿ ಕೆಳಗೆ ಇಳಿಬೀಳುವಷ್ಟು ಉದ್ದ ಕತ್ತರಿಸಿ. ಮೇಲಂಚು ಮತ್ತು ಎರಡು ಪಕ್ಕಗಳನ್ನು ಪಟ್ಟಿ ಇಟ್ಟು ಮೊಳೆ ಹೊಡೆಯಿರಿ, ಕೆಳಗಡೆ ತೆರೆದಿರಲಿ. ಜಾಲರಿ ಗೋಡೆಗೆ ಅಂಟಿಕೊಳ್ಳಬಾರದು, ಸಂದಿಯ ಎದುರು ಎರಡು ಬೆರಳಿನಷ್ಟು ಹೊಟ್ಟೆ ಉಬ್ಬಿರಬೇಕು. ಹೊರಬಂದ ಬಾವಲಿ ಜಾಲರಿಗೂ ಗೋಡೆಗೂ ನಡುವೆ ತೆವಳಿ ಇಳಿದು ಕೆಳಗಿನಿಂದ ಹಾರುತ್ತದೆ. ಮರಳಿದಾಗ ಅದು ಹಳೆಯ ಸಂದಿಯ ವಾಸನೆಯನ್ನೇ ಹಿಡಿದು ನೇರ ಅಲ್ಲಿಗೇ ಬಂದು ಜಾಲರಿಯ ಮೇಲೆ ಕೂರುತ್ತದೆ. ಎರಡಡಿ ಕೆಳಗೆ ಹೋಗಿ ಒಳಗಿನಿಂದ ಹತ್ತಿ ಬರಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಪರದೆ ಗಿಡ್ಡವಾದರೆ ಮಾತ್ರ ಹೊಳೆಯುತ್ತದೆ! ಇಡೀ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಅರ್ಧ ಅಡಿ ಜಾಲರಿ ಉಳಿಸಲು ಹೋಗಿ.

ಮೂಲೆಯ ಗುಂಡನೆಯ ತೂತಾದರೆ ಎರಡಿಂಚಿನ ಪಿವಿಸಿ ಪೈಪು, ಒಂದಡಿಗೆ ಸ್ವಲ್ಪ ಕಡಿಮೆ ಉದ್ದದ್ದು, ಹೊರತುದಿ ಕೆಳಗೆ ವಾಲುವಂತೆ ಕೂರಿಸಿ. ಒಳತುದಿ ತೂತಿನ ಅಂಚಿಗೆ ಸಮನಾಗಿರಲಿ. ಒಳಗೆ ಚಾಚಿಕೊಂಡರೆ ಬಾವಲಿಗೆ ದಾರಿ ಸಿಗದು. ಹೊರತುದಿಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲದ ತೋಳನ್ನು ಗೇಣುದ್ದ ಕಟ್ಟಿದರೆ ಹೋಗುವಾಗ ಬಿಚ್ಚಿಕೊಳ್ಳುತ್ತದೆ, ಆಮೇಲೆ ಮುದುರಿ ಮುಚ್ಚಿಕೊಳ್ಳುತ್ತದೆ. ಪೈಪಿನ ನುಣುಪಿನಲ್ಲಿ ಉಗುರೂ ಹಿಡಿಯದು.

ಏಳು ರಾತ್ರಿ ಹಾಗೇ ಬಿಡಿ. ಎಲ್ಲ ಬಾವಲಿಗಳೂ ದಿನಾ ಹೋಗುತ್ತವೆಂದಿಲ್ಲ, ಮಳೆ ಬಂದ ರಾತ್ರಿಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಎರಡು ಸಂಜೆ ನೋಡಿ ಒಂದೂ ಹೊರಬರದಿದ್ದರೆ ಪರದೆ ಬಿಚ್ಚಿ ಅಂದೇ ಸಂದಿ ಮುಚ್ಚಿ. ಮೀನುಬಲೆ, ಪಾರಿವಾಳ ತಡೆಯುವ ದೊಡ್ಡ ಕಣ್ಣಿನ ಬಲೆ ಬಳಸಲೇಬೇಡಿ. ರೆಕ್ಕೆ ಸಿಕ್ಕಿ ಹರಿದು ನರಳಿ ಸಾಯುತ್ತವೆ. ಅಂಟುಹಾಳೆಯಂತೂ ಬೇಡವೇ ಬೇಡ.

ಇಷ್ಟೆಲ್ಲ ಸಾಧ್ಯವಿಲ್ಲದಷ್ಟು ಸಡಿಲ ಮಾಡಾದರೆ ಇನ್ನೊಂದು ಅಗ್ಗದ ದಾರಿಯಿದೆ. ಬಾವಲಿಗಳು ಗುಂಪು ಕಟ್ಟುವ ಜಾಗದ ನೇರ ಮೇಲೆ ಮೂರು ನಾಲ್ಕು ಮಣ್ಣಿನ ಹಂಚು ತೆಗೆದು ಗಾಜಿನ ಹಂಚು ಕೂರಿಸಿ. ಹಗಲಿಡೀ ಬೆಳಕು ಬಿದ್ದರೆ ಅವು ಕೆಲವೇ ದಿನಗಳಲ್ಲಿ ಜಾಗ ಬದಲಿಸುತ್ತವೆ. ಅಟ್ಟದ ಇನ್ನೊಂದು ಕತ್ತಲೆ ಮೂಲೆಗೆ ಹೋದರೆ ಅಲ್ಲಿಗೂ ಎರಡು. ಇದನ್ನೂ ಮರಿಗಳಿಲ್ಲದ ಕಾಲದಲ್ಲೇ ಮಾಡಬೇಕು.

ಪ್ರಶ್ನೆ: ಮೇಸ್ತ್ರಿ ಹಗಲಲ್ಲೇ ಎಲ್ಲ ಸಂದಿಗೂ ಗಾರೆ ಹೊಡೆದು ಹೋದರು. ಈಗ ಬಾವಲಿಗಳು ಫ್ಯಾನಿನ ಕೊಕ್ಕೆಯ ತೂತಿನಿಂದ ಕೋಣೆಗೆ ಇಳಿಯುತ್ತಿವೆ. ಏನು ಮಾಡುವುದು?
— ಸಾಗರದ ಓದುಗರು

ಉತ್ತರ: ಒಳಗೆ ಸಿಕ್ಕಿಬಿದ್ದಿವೆ. ಹೊಡೆದ ಗಾರೆಯಲ್ಲಿ ಹಳೆಯ ದಾರಿಯ ಜಾಗವನ್ನು ಇಂದೇ ಒಡೆದು ತೆರೆಯಿರಿ, ಅಲ್ಲಿಗೆ ಮೇಲೆ ಹೇಳಿದ ಪರದೆ ಕಟ್ಟಿ. ಕೋಣೆಯ ಕಡೆಯ ತೂತಿಗೆ ಬಟ್ಟೆ ತುರುಕಿ. ತಡ ಮಾಡಿದರೆ ಸತ್ತವುಗಳ ವಾಸನೆ, ಅದರ ಹಿಂದೆ ನೊಣ.

ಪ್ರಶ್ನೆ: ನಮ್ಮದು ತಾರಸಿ ಮನೆ. ಪೋರ್ಟಿಕೋದಲ್ಲಿ ರಾತ್ರಿ ಏನೋ ಬಂದು ಹೋಗುತ್ತದೆ. ಬೆಳಿಗ್ಗೆ ಕಾರಿನ ಮೇಲೆ ಬೀಜ, ಜಗಿದು ಉಗುಳಿದ ನಾರು. ಹೊಸದಾಗಿ ಬಣ್ಣ ಹೊಡೆದ ಗೋಡೆಯಲ್ಲಿ ಕಂದು ಕಲೆ. ಹಗಲು ನೋಡಿದರೆ ಒಂದೂ ಬಾವಲಿ ಇಲ್ಲ. ಇಲ್ಲದ ಬಾವಲಿಯನ್ನು ತಡೆಯುವುದು ಹೇಗೆ?
— ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಪೋರ್ಟಿಕೋ ಅದಕ್ಕೆ ಮನೆಯಲ್ಲ, ಊಟದ ಜಾಗ. ಇದು ಗಿಡ್ಡಮೂತಿಯ ಹಣ್ಣುಬಾವಲಿ. ನಲವತ್ತು–ಐವತ್ತು ಗ್ರಾಂ ತೂಕ, ಹಗಲು ತಾಳೆಗರಿಯ ಮಡಿಕೆಯಲ್ಲೋ ದಟ್ಟ ಬಳ್ಳಿಯೊಳಗೋ ಮಲಗಿರುತ್ತದೆ. ಕತ್ತಲಾದ ಮೇಲೆ ಹತ್ತಿರದ ಮರದಿಂದ ಒಂದು ಹಣ್ಣು ಕಿತ್ತು, ಮರದಲ್ಲೇ ತಿಂದರೆ ಗೂಬೆಯ ಭಯವೆಂದು, ಚಾವಣಿಯಡಿಯ ಸುರಕ್ಷಿತ ಮೂಲೆಗೆ ತಂದು ನೇತಾಡಿಕೊಂಡು ತಿನ್ನುತ್ತದೆ. ರಸ ಹೀರಿ ನಾರು ಉಗುಳುತ್ತದೆ. ಬೀಜ ನೋಡಿದರೆ ಮರ ಯಾವುದೆಂದು ತಿಳಿಯುತ್ತದೆ: ಉದ್ದನೆಯ ಕಡುಬೀಜವಾದರೆ ಕಾಂಪೌಂಡಿನ ಪಕ್ಕದ ಕಂಬದಂಥ ಅಶೋಕ, ಸಾಸಿವೆಗಿಂತ ಸಣ್ಣವಾದರೆ ಸಿಂಗಪುರ ಚೆರ್ರಿ ಅಥವಾ ಅತ್ತಿ–ಆಲದ ಜಾತಿ, ದೊಡ್ಡ ಓಟೆಯಾದರೆ ಕಾಡುಬಾದಾಮಿ.

ಸಂದಿ ಮುಚ್ಚುವ ಮಾತೇ ಇಲ್ಲಿಲ್ಲ. ನೇತುಹಾಕಿಕೊಳ್ಳಲು ಉಗುರಿಗೆ ಹಿಡಿತ ಸಿಗದಂತೆ ಮಾಡಬೇಕು. ಬೀಜ ಬೀಳುವ ಜಾಗದ ನೇರ ಮೇಲೆ ನೋಡಿ; ಒರಟು ಗಾರೆಯ ತೇಪೆಯೋ, ಖಾಲಿ ಫ್ಯಾನ್ ಕೊಕ್ಕೆಯೋ, ದೀಪದ ತಂತಿಯೋ, ಚಾವಣಿಯಂಚಿನ ಗಾರೆಯ ಏಣೋ ಇದ್ದೇ ಇರುತ್ತದೆ. ಕೊಕ್ಕೆ, ತಂತಿ ತೆಗೆಸಿ. ಒರಟು ಜಾಗವನ್ನು ಪುಟ್ಟಿಯಿಂದ ನಯ ಮಾಡಿ ಹೊಳಪಿನ ಎನಾಮೆಲ್ ಬಳಿಯಿರಿ, ಇಲ್ಲವೇ ಎರಡಡಿ ಚೌಕದ ನುಣುಪಾದ ಆಕ್ರಿಲಿಕ್ ಹಾಳೆ ಅಂಟಿಸಿ. ಒಂದು ಮೂಲೆ ಮುಚ್ಚಿದರೆ ಪಕ್ಕದ ಮೂಲೆ ಹುಡುಕುತ್ತದೆ. ಎರಡು ಮೂರು ಕಡೆ ಮಾಡಬೇಕಾಗಬಹುದು. ಆ ಜಾಗಕ್ಕೆ ನೇರ ಬೀಳುವ ಎಲ್‌ಇಡಿ ದೀಪ ಸಂಜೆ ಏಳರಿಂದ ಹನ್ನೆರಡರವರೆಗೆ ಉರಿಸಿದರೆ ಅನೇಕ ಕಡೆ ಬರುವುದು ನಿಂತಿದೆ. ದೀಪಕ್ಕೆ ಒಗ್ಗಿಕೊಂಡವೂ ಇವೆ. ಹಳೆಯ ಸಿ.ಡಿ. ಕಟ್ಟುವುದು ವಾರದ ಮಟ್ಟಿಗೆ ಸರಿ. ಚಾವಣಿಯಿಂದ ಒಂದಡಿ ಉದ್ದದ ಪ್ಲಾಸ್ಟಿಕ್ ಪಟ್ಟಿಗಳನ್ನು ಗೇಣಿಗೊಂದರಂತೆ ಇಳಿಬಿಟ್ಟರೆ ಹಾರಿ ಬಂದು ತಿರುಗಲು ಜಾಗ ಸಿಗದೆ ಬೇರೆ ಕಡೆ ಹೋಗುತ್ತದೆ. ನೋಡಲು ಚೆಂದವಿಲ್ಲ ಅನ್ನುವವರು ಎನಾಮೆಲ್‌ಗೇ ಖರ್ಚು ಮಾಡಲಿ.

ಮರ ಕಡಿಸುವ ಯೋಚನೆ ಬೇಡ. ಹಣ್ಣಿನ ಸುಗ್ಗಿ ಮುಗಿದರೆ ಕಾಟವೂ ತಾನಾಗಿ ಇಳಿಯುತ್ತದೆ. ಕಲೆಯನ್ನು ಬೆಳಿಗ್ಗೆಯೇ, ಒಣಗುವ ಮೊದಲು ಒರೆಸಿ. ಒಣಗಿದ ಮೇಲೆ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿದ ಬಟ್ಟೆ ಸ್ವಲ್ಪ ಹೊತ್ತು ಒತ್ತಿಟ್ಟು ತೊಳೆಯಬೇಕು, ಆಗಲೂ ಮಾಮೂಲಿ ಡಿಸ್ಟೆಂಪರ್‌ನಿಂದ ಪೂರ್ತಿ ಹೋಗದು. ಕಾರಿನ ಮೇಲೆ ಬಿದ್ದದ್ದನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಬೀಜ ಗೀರು ಎಳೆಯುತ್ತದೆ, ನೀರು ಹೊಯ್ದು ತೆಗೆಯಿರಿ.

ಪ್ರಶ್ನೆ: ಅಂಗಡಿಯ ರೋಲಿಂಗ್ ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆಯಲ್ಲಿ ಬಾವಲಿಗಳಿವೆ. ಬೆಳಿಗ್ಗೆ ಶಟರ್ ಎತ್ತುವಾಗ ಒಂದೆರಡು ಸಿಕ್ಕಿ ಸಾಯುತ್ತವೆ. ನೋಡಲಾಗುವುದಿಲ್ಲ.
— ಹುಬ್ಬಳ್ಳಿಯ ಓದುಗರು

ಉತ್ತರ: ಪೆಟ್ಟಿಗೆಯ ಕೆಳಗಿನ ಉದ್ದ ಸೀಳೇ ದಾರಿ. ಶಟರ್ ಮಾಡುವವರ ಬಳಿ ನೈಲಾನ್ ಬ್ರಷ್ ಪಟ್ಟಿ ಸಿಗುತ್ತದೆ; ಅಲ್ಯೂಮಿನಿಯಂ ಹಿಡಿಯಲ್ಲಿ ಕೂರಿಸಿದ ಕೂದಲು ಶಟರಿನ ಹಲಗೆಗೆ ತಾಗುವಂತೆ ಸೀಳಿನುದ್ದಕ್ಕೂ ಸ್ಕ್ರೂ ಹಾಕಿ. ಶಟರ್ ಆಡುವುದಕ್ಕೆ ಅಡ್ಡಿಯಿಲ್ಲ, ಬಾವಲಿ ತೂರುವುದಿಲ್ಲ. ಪೆಟ್ಟಿಗೆಯ ಎರಡು ತುದಿಯ ತೂತುಗಳಿಗೆ ತಗಡು. ಇದನ್ನು ಹಗಲು ಮಾಡಬೇಡಿ. ಸೂರ್ಯ ಮುಳುಗಿದ ಮೇಲೆ ಒಂದು ಗಂಟೆ ಬಿಟ್ಟು, ಅಂಗಡಿ ಮುಚ್ಚುವ ಮೊದಲು, ಪೆಟ್ಟಿಗೆಯ ಮುಚ್ಚಳ ತೆಗೆದು ಟಾರ್ಚಿನಲ್ಲಿ ಸುರುಳಿಯ ಮಡಿಕೆಗಳನ್ನು ಒಂದೊಂದಾಗಿ ನೋಡಿ, ಯಾವುದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಪಟ್ಟಿ ಹೊಡೆಯಿರಿ. ಅಲ್ಲಿಯವರೆಗೆ ಬೆಳಿಗ್ಗೆ ಶಟರಿಗೆ ನಾಲ್ಕು ಸಲ ಮೆಲ್ಲಗೆ ತಟ್ಟಿ, ಅರ್ಧ ಅಡಿ ಎತ್ತಿ ಒಂದು ನಿಮಿಷ ನಿಲ್ಲಿಸಿ ಆಮೇಲೆ ಪೂರ್ತಿ ಎತ್ತಿದರೆ ಸಾವು ಬಹಳ ಮಟ್ಟಿಗೆ ತಪ್ಪುತ್ತದೆ. ಹೆಸರಿನ ಫ್ಲೆಕ್ಸ್ ಬೋರ್ಡಿನ ಹಿಂಭಾಗವನ್ನೂ ನೋಡಿ. ಪೆಟ್ಟಿಗೆ ಮುಚ್ಚಿದ ಮರುದಿನ ಅಲ್ಲೇ ಸೇರಿಕೊಂಡಿರುತ್ತವೆ. ಅಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ, ಬಿಟ್ಟುಬಿಡಬಹುದು.

ಪ್ರಶ್ನೆ: ಅಲ್ಟ್ರಾಸಾನಿಕ್ ಯಂತ್ರ ಕೊಳ್ಳಬಹುದೇ?
— ಮೈಸೂರಿನ ಓದುಗರು

ಉತ್ತರ: ಬೇಡ. ಆ ಸದ್ದು ಗಾಳಿಯಲ್ಲಿ ಬಹುಬೇಗ ಕರಗುತ್ತದೆ, ಒಂದು ತೊಲೆ ಅಡ್ಡ ಬಂದರೂ ದಾಟುವುದಿಲ್ಲ. ಬಾವಲಿಗಳು ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಆ ದುಡ್ಡಿಗೆ ಹತ್ತು ಮೀಟರ್ ಜಾಲರಿ ಬರುತ್ತದೆ.

ಪ್ರಶ್ನೆ: ರಾತ್ರಿ ಮಲಗುವ ಕೋಣೆಗೆ ಬಾವಲಿ ನುಗ್ಗಿತು. ಪೊರಕೆಯಿಂದ ಹೊಡೆದೆವು, ಸತ್ತಿತು. ಇನ್ನೊಮ್ಮೆ ಬಂದರೆ ಹೇಗೆ ಕಳಿಸಬೇಕು? ಕಚ್ಚಿದರೆ ರೇಬಿಸ್ ಬರುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಮೊಟ್ಟಮೊದಲು ಫ್ಯಾನ್ ಆರಿಸಿ. ಕೋಣೆಗೆ ಬಂದ ಬಾವಲಿಗಳು ಸಾಯುವುದು ಹೆಚ್ಚಾಗಿ ಫ್ಯಾನಿನ ರೆಕ್ಕೆಗೆ. ಒಳಬಾಗಿಲು ಹಾಕಿ, ಹೊರಗಿನ ಕಿಟಕಿಗಳ ಸೊಳ್ಳೆಪರದೆ ಸರಿಸಿ ಪೂರ್ತಿ ತೆರೆಯಿರಿ, ದೀಪ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಹತ್ತಿಪ್ಪತ್ತು ನಿಮಿಷದಲ್ಲಿ ಹೋಗಿರುತ್ತದೆ. ಒಳಗೇ ಇರಲೇಬೇಕಾದರೆ ಗೋಡೆಗೆ ಒತ್ತಿ ನಿಲ್ಲಿ. ಬಾವಲಿ ಗೋಡೆಯ ಬಳಿ ಮೇಲೇರಿ ತಿರುಗಿ, ನಡುಕೋಣೆಯಲ್ಲಿ ಕೆಳಗೆ ಇಳಿಯುತ್ತದೆ; ಮುಖಕ್ಕೇ ಬಂತು ಎಂದು ಜನ ಕಿರುಚುವುದು ಇದರಿಂದ. ಪರದೆಗೋ ಗೋಡೆಗೋ ಅಂಟಿ ಕೂತುಬಿಟ್ಟರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಕವಿಚಿ, ಗೋಡೆಗೂ ಡಬ್ಬಿಗೂ ನಡುವೆ ದಪ್ಪ ರಟ್ಟು ಮೆಲ್ಲಗೆ ತೂರಿಸಿ ಎತ್ತಿಕೊಳ್ಳಿ. ನೆಲದ ಮೇಲೆ ಬಿಡಬೇಡಿ, ಹಲವು ಬಾವಲಿಗಳು ನೆಲದಿಂದ ಹಾರಲಾರವು. ಆಳೆತ್ತರದಲ್ಲಿ ಮರದ ಒರಟು ಕಾಂಡಕ್ಕೆ ಡಬ್ಬಿಯ ಬಾಯಿ ಒತ್ತಿ ಹಿಡಿದರೆ ಹತ್ತಿಕೊಳ್ಳುತ್ತದೆ. ಹಗಲು ಸಿಕ್ಕಿದ್ದಾದರೆ ಗಾಳಿತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಇಟ್ಟು ಸಂಜೆಯವರೆಗೆ ಕತ್ತಲಲ್ಲಿಡಿ, ಬೆಕ್ಕಿನಿಂದ ದೂರ. ರೆಕ್ಕೆ ಹರಿದಿದ್ದರೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ.

ಬರಿಗೈಯಿಂದ ಮಾತ್ರ ಮುಟ್ಟಬೇಡಿ. ನಮ್ಮ ದೇಶದಲ್ಲಿ ರೇಬಿಸ್ ಹರಡುವುದು ಬಹುತೇಕ ನಾಯಿಗಳಿಂದ. ಆದರೆ ಶ್ರೀಲಂಕಾದ ದೊಡ್ಡ ಹಣ್ಣುಬಾವಲಿಗಳಲ್ಲಿ ರೇಬಿಸ್ ಕುಟುಂಬದ ವೈರಾಣು ಪತ್ತೆಯಾಗಿದೆ, ಹಾಗಾಗಿ ಹುಡುಗಾಟ ಬೇಡ. ಕಚ್ಚಿದರೆ, ಗೀರಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಿ, ಬಾವಲಿ ಎಂದು ಸ್ಪಷ್ಟವಾಗಿ ಹೇಳಿ. ಅದರ ಹಲ್ಲಿನ ಗುರುತು ಸೂಜಿಮೊನೆಯಷ್ಟು, ಕಣ್ಣಿಗೆ ಬೀಳದೆ ಇರಬಹುದು. ಮಲಗಿದ್ದ ಕೂಸಿನ ಹಾಸಿಗೆಯ ಮೇಲೆ ಬಾವಲಿ ಸಿಕ್ಕಿದರೆ ಗಾಯ ಕಾಣದಿದ್ದರೂ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಅಟ್ಟದ ಮೇಲೆ ವರ್ಷಗಟ್ಟಲೆಯ ಹಿಕ್ಕೆ ಗುಡ್ಡೆಯಾಗಿದೆ. ಗುಡಿಸಿ ಅಡಿಕೆ ಗಿಡಕ್ಕೆ ಹಾಕಬಹುದೇ?
— ಶಿರಸಿಯ ಓದುಗರು

ಉತ್ತರ: ಹಾಕಬಹುದು, ಗುಡಿಸಬಾರದು. ಒಣ ಹಿಕ್ಕೆಯ ದೂಳಿನಲ್ಲಿ ಬೆಳೆಯಬಹುದಾದ ಒಂದು ಶಿಲೀಂಧ್ರ ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ಪೊರಕೆಯಾಗಲಿ ವ್ಯಾಕ್ಯೂಮ್ ಆಗಲಿ ಅದನ್ನೇ ಗಾಳಿಗೆ ಎಬ್ಬಿಸುತ್ತದೆ. ಬಾಯಿಗೆ ಕಟ್ಟುವ ಬಟ್ಟೆ ಸಾಲದು. ಎನ್95 ಮಾಸ್ಕ್, ರಬ್ಬರ್ ಕೈಗವಸು, ತಲೆಗೆ ಬಟ್ಟೆ ಬೇಕು. ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, ನೀರಿಗೆ ಒಂದಿಷ್ಟು ಸೋಪು ಬೆರೆಸಿ ಮಂಜಿನಂತೆ ಸಿಂಪಡಿಸಿ. ರಭಸದ ಧಾರೆ ಬೇಡ, ಅದೂ ದೂಳೆಬ್ಬಿಸುತ್ತದೆ. ಕಾಲು ಗಂಟೆ ನೆನೆದ ಮೇಲೆ ಚಪ್ಪಟೆ ಸಲಿಕೆಯಿಂದ ಕೆರೆದು ಚೀಲಕ್ಕೆ ತುಂಬಿ. ಗುಡ್ಡೆ ದಪ್ಪವಿದ್ದರೆ ಒಳಗೆ ಇನ್ನೂ ಒಣಗಿರುತ್ತದೆ. ಪದರ ತೆಗೆದಂತೆಲ್ಲ ಮತ್ತೆ ನೆನೆಸಿ. ಮುಚ್ಚಿಗೆಯ ಹಲಗೆ ಹಳತಾಗಿದ್ದರೆ ಹೆಚ್ಚು ನೀರು ಹಾಕದೆ ಎರಡು ದಿನಕ್ಕೆ ಹಂಚಿಕೊಳ್ಳಿ, ಭಾರಕ್ಕೆ ಕುಸಿದೀತು.

ಕೆರೆದ ಜಾಗವನ್ನು ಸೋಪುನೀರಿನಿಂದ ಒರೆಸಿ, ಮೂತ್ರದ ವಾಸನೆ ಹೋದ ಮೇಲೆ ಲೀಟರಿಗೆ ಮೂವತ್ತು ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ತಿಳಿನೀರು ಹಚ್ಚಿ. ಮೂತ್ರದ ಮೇಲೆಯೇ ಬ್ಲೀಚಿಂಗ್ ಸುರಿದರೆ ಕಣ್ಣು, ಗಂಟಲು ಉರಿಸುವ ವಿಷಗಾಳಿ ಏಳುತ್ತದೆ. ಆಸಿಡ್ ಬೆರೆಸುವುದಂತೂ ಪ್ರಾಣಕ್ಕೇ ಅಪಾಯ.

ಗೊಬ್ಬರವಾಗಿ ಇದು ಸಾರಜನಕದ ಗಣಿ, ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಒಂದು ಬುಟ್ಟಿ ಹಿಕ್ಕೆಗೆ ಹತ್ತು ಬುಟ್ಟಿ ದರಗು, ಸಗಣಿ ಸೇರಿಸಿ ತೇವವಾಗಿ ಮುಚ್ಚಿ ಮೂರು ತಿಂಗಳು ಕೊಳೆಸಿ ಆಮೇಲೆ ಬಳಸಿ. ಸೊಪ್ಪು ತರಕಾರಿಯ ಮಡಿಗೆ ಬೇಡ.

ಪ್ರಶ್ನೆ: ಬಳಸದ ಹಳೆಯ ಕೊಟ್ಟಿಗೆಯಲ್ಲಿ ದೊಡ್ಡ ಕಿವಿಯ ಬಾವಲಿಗಳು ನೇತಾಡುತ್ತವೆ. ಕೆಳಗೆ ಕಪ್ಪೆಯ ಕಾಲು, ಜೀರುಂಡೆಯ ರೆಕ್ಕೆ, ಒಮ್ಮೆ ಇಲಿಯ ಬಾಲ ಬಿದ್ದಿತ್ತು. ರಕ್ತ ಹೀರುವ ಬಾವಲಿ ಅನ್ನುತ್ತಾರೆ. ದನಗಳಿಗೆ ಅಪಾಯವೇ?
— ತಿಪಟೂರಿನ ಓದುಗರು

ಉತ್ತರ: ರಕ್ತ ಹೀರುವ ಬಾವಲಿಗಳಿರುವುದು ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಮಾತ್ರ. ನಿಮ್ಮಲ್ಲಿರುವುದು ಕಪ್ಪೆ, ಹಲ್ಲಿ, ದೊಡ್ಡ ಹುಳು, ಸಣ್ಣ ಇಲಿಗಳನ್ನು ಹಿಡಿದು ತಂದು ತಿನ್ನುವ ಬೇಟೆಗಾರ ಜಾತಿ. ದನದ ತಂಟೆಗೆ ಬರುವುದಿಲ್ಲ. ಸಂದಿಯಲ್ಲಿ ತೂರುವ ಜಾತಿಯೂ ಅಲ್ಲ, ಹಾರಿಕೊಂಡೇ ಒಳಬರಲು ಕಿಟಕಿಯಷ್ಟು ತೆರವು ಬೇಕು. ಕೊಟ್ಟಿಗೆ ಮತ್ತೆ ಬಳಸುವುದಾದರೆ ಡಿಸೆಂಬರ್‌ನಲ್ಲಿ, ಕತ್ತಲಾದ ಎರಡು ಗಂಟೆಯ ಮೇಲೆ ಒಳಗೆ ಒಂದೂ ಇಲ್ಲವೆಂದು ನೋಡಿ ಬಾಗಿಲು, ಕಿಟಕಿಗೆ ಜಾಲರಿಯ ಕದ ಹಾಕಿದರೆ ಆಯಿತು. ಊಟಕ್ಕೆ ನಡುರಾತ್ರಿ ಮರಳುವುದುಂಟು, ಆದ್ದರಿಂದ ಹೊತ್ತು ನೋಡಿಕೊಂಡು ಮಾಡಿ. ಬಳಸುವುದಿಲ್ಲವಾದರೆ ನಮ್ಮ ಸಲಹೆ ಹಾಗೇ ಬಿಡಿ ಎಂಬುದು. ಬೀಗ ಹಾಕಿಟ್ಟ ಕೊಟ್ಟಿಗೆಗೆ ಸಂಬಳವಿಲ್ಲದ ಇಲಿಗಾವಲು ಸಿಕ್ಕಿದೆ.

ಪ್ರಶ್ನೆ: ಬಾವಲಿ ಕೊಂದರೆ ಕೇಸಾಗುತ್ತದೆಯೇ?
— ಕೋಲಾರದ ಓದುಗರು

ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಕಾಗೆ, ಇಲಿಗಳ ಜತೆ ಹಣ್ಣುಬಾವಲಿಯನ್ನೂ ಪೀಡಕ ಪ್ರಾಣಿಯೆಂದು ಸೇರಿಸಲಾಗಿತ್ತು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಹಳೆಯ ಪಟ್ಟಿ ತೋರಿಸಿ ‘ಇದಕ್ಕೆ ಅನುಮತಿ ಬೇಡ’ ಎನ್ನುವ ಕೀಟನಿಯಂತ್ರಣದವರನ್ನು ನಂಬಬೇಡಿ. ನಿಮ್ಮ ಜಿಲ್ಲೆಯಲ್ಲಂತೂ ಇನ್ನಷ್ಟು ಎಚ್ಚರ ಬೇಕು: ಹನುಮನಹಳ್ಳಿಯ ಗುಹೆಯಲ್ಲಿ ಉಳಿದಿರುವ ಕೋಲಾರದ ಎಲೆಮೂಗಿನ ಬಾವಲಿ ಜಗತ್ತಿನ ತೀರಾ ಅಳಿವಿನಂಚಿನ ಸಸ್ತನಿಗಳಲ್ಲಿ ಒಂದು. ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯ ರಾಟನ್ ಬಾವಲಿಗೂ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಗುಹೆ, ಪಾಳುಗುಡಿಗಳಲ್ಲಿರುವ ಗುಂಪುಗಳಿಗೆ ಕೈಹಾಕುವ ಮೊದಲು ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಪ್ರಶ್ನೆ: ಮನೆಯ ಹತ್ತಿರದ ಆಲದ ಮರದಲ್ಲಿ ನೂರಾರು ದೊಡ್ಡ ಬಾವಲಿಗಳಿವೆ. ನಿಪಾ ಭಯದಿಂದ ಊರವರು ಮರ ಕಡಿಸಬೇಕು ಅನ್ನುತ್ತಿದ್ದಾರೆ. ಮನೆಯ ಮಾಡಿನಲ್ಲಿರುವ ಸಣ್ಣ ಬಾವಲಿಯಿಂದಲೂ ನಿಪಾ ಬರುತ್ತದೆಯೇ?
— ಪುತ್ತೂರಿನ ಓದುಗರು

ಉತ್ತರ: ನಿಪಾ ವೈರಾಣುವಿನ ಮುಖ್ಯ ಆಶ್ರಯ ಆ ದೊಡ್ಡ ಹಣ್ಣುಬಾವಲಿ. 2018ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ನಿಪಾ ಕಾಣಿಸಿಕೊಂಡಾಗ ಮೊದಲು ಅನುಮಾನ ಬಿದ್ದದ್ದು ರೋಗಿಗಳ ಮನೆಯ ಬಾವಿಯಲ್ಲಿದ್ದ ಕೀಟಾಹಾರಿ ಬಾವಲಿಗಳ ಮೇಲೆ. ಪರೀಕ್ಷೆಯಲ್ಲಿ ಅವುಗಳಲ್ಲಿ ವೈರಾಣು ಸಿಗಲಿಲ್ಲ. ಆಮೇಲೆ ಆ ಭಾಗದ ದೊಡ್ಡ ಹಣ್ಣುಬಾವಲಿಗಳಲ್ಲಿ ಸಿಕ್ಕಿತು. ಮಾಡಿನ ಸಣ್ಣ ಬಾವಲಿಯ ವಿಷಯದಲ್ಲಿ ಮುಟ್ಟದಿರುವುದು, ಹಿಕ್ಕೆಯನ್ನು ನೆನೆಸಿ ತೆಗೆಯುವುದು, ಇಷ್ಟು ಸಾಕು.

ಮರ ಕಡಿದರೆ, ಪಟಾಕಿ ಹೊಡೆದರೆ ಒಂದೇ ಕಡೆ ಇದ್ದ ನೂರಾರು ಬಾವಲಿಗಳು ಹತ್ತು ತೋಟಗಳಿಗೆ ಚದುರುತ್ತವೆ. ಕಂಗೆಟ್ಟ ಬಾವಲಿಗಳು ವೈರಾಣು ಹೊರಹಾಕುವುದೂ ಹೆಚ್ಚಬಹುದು ಎಂಬುದು ತಜ್ಞರ ಆತಂಕ. ಮರವನ್ನು ಬಿಟ್ಟು, ಬಾಯಿಗೆ ಹೋಗುವ ದಾರಿಗಳನ್ನು ಮುಚ್ಚಿ. ಮರದ ಕೆಳಗೆ ಮಕ್ಕಳು ಆಡುವುದು, ದನ–ಹಂದಿ ಕಟ್ಟುವುದು ಬೇಡ. ಹಲ್ಲಿನ ಗುರುತಿರುವ, ಬಿದ್ದ ಪೇರಳೆ, ಮಾವು, ಗೇರುಹಣ್ಣನ್ನು ತೊಳೆದೂ ತಿನ್ನಬಾರದು, ಹಂದಿಗೂ ಹಾಕಬಾರದು; ಕೈಗವಸು ಹಾಕಿ ಎತ್ತಿ ಹೂತುಬಿಡಿ. ಚೆನ್ನಾಗಿರುವ ಹಣ್ಣನ್ನೂ ತೊಳೆದು ಸಿಪ್ಪೆ ಸುಲಿದು ತಿನ್ನಿ. ಕಳ್ಳು ಇಳಿಸುವ ಮಡಕೆಯ ಬಾಯಿಗೂ ಹೊಂಬಾಳೆಯ ಕೊಯ್ದ ತುದಿಗೂ ಸೇರಿಸಿ ಬಿದಿರಿನ ತಟ್ಟಿಯೋ ಸಣ್ಣ ಕಣ್ಣಿನ ಬಲೆಯೋ ಸುತ್ತಬೇಕು. ಮಡಕೆಗೆ ಮಾತ್ರ ಮುಚ್ಚಳ ಹಾಕಿದರೆ ಬಾವಲಿ ತುದಿಯನ್ನು ನೆಕ್ಕುತ್ತದೆ, ಜೊಲ್ಲು ರಸದ ಜತೆ ಇಳಿಯುತ್ತದೆ. ತೆರೆದ ಬಾವಿಗೆ ಕಬ್ಬಿಣದ ಚೌಕಟ್ಟು ಮಾಡಿಸಿ, ಅರ್ಧ ಸೆಂಟಿಮೀಟರಿಗಿಂತ ಸಣ್ಣ ಕಣ್ಣಿನ ಬಲೆಯನ್ನು ತಂಬೂರಿಯ ತಂತಿಯಂತೆ ಬಿಗಿದು ಹೊದಿಸಿ. ಜೋಲು ಬಿಟ್ಟ ಬಲೆಯಲ್ಲಿ ಬಾವಲಿಯೂ ಹಕ್ಕಿಯೂ ಸಿಕ್ಕಿಕೊಂಡು ಸತ್ತು ಅದೇ ನೀರಿಗೆ ಬೀಳುತ್ತವೆ. ಬಾವಿಯ ಒಳಗೋಡೆಯ ಪೊಟರೆಗಳಲ್ಲಿ ಈಗಾಗಲೇ ಬಾವಲಿಗಳಿದ್ದರೆ ಚೌಕಟ್ಟನ್ನು ಸಂಜೆ ಅವು ಹೋದ ಮೇಲೆಯೇ ಕೂರಿಸಿ. ಮರುದಿನ ಸಂಜೆ ಒಂದು ಮೂಲೆ ಸಡಿಲಿಸಿ ಒಳಗೆ ಉಳಿದದ್ದೇನಾದರೂ ಇದ್ದರೆ ಹೋಗಲು ಬಿಡಿ.